ಪಿಕಪ್ ಟಾರ್ಪಾಲು: ಎಲ್ಲಿ ಉಳಿಸಬಾರದು

ಅಡಿಕೆ ಹೇರಿದ ಪಿಕಪ್‌ಗೆ ಹೊದಿಸುವ ಟಾರ್ಪಾಲನ್ನು ಚದರಡಿ ದರ ನೋಡಿ ಕೊಳ್ಳಬಾರದು. ಅದರಡಿ ಎಷ್ಟು ರೂಪಾಯಿಯ ಮಾಲು ಕೂತಿರುತ್ತದೆ ಎಂದು ನೋಡಿ ಕೊಳ್ಳಬೇಕು. ಗಾಡಿ ಇಟ್ಟುಕೊಂಡ ಮೇಲೆ ನನಗೆ ಗಟ್ಟಿಯಾಗಿ ಮನವರಿಕೆಯಾದ ಲೆಕ್ಕ ಇದು. ಮಲೆನಾಡಿನಲ್ಲಿ ಗಾಡಿ ಇರುವ ಪ್ರತಿಯೊಬ್ಬ ಬೆಳೆಗಾರರಿಗೂ ಇದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

65 ಕೆ.ಜಿ.ಯ 20 ಮೂಟೆ ಹೇರಿದರೆ 13 ಕ್ವಿಂಟಲ್. ಕ್ವಿಂಟಲ್‌ಗೆ 50,000 ರೂಪಾಯಿ ಹಿಡಿದರೂ ಗಾಡಿಯ ಮೇಲೆ ಆರೂವರೆ ಲಕ್ಷದ ಮಾಲು. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮಂಡಿಗೆ ಸುಮಾರು 60 ಕಿ.ಮೀ., ಮಂಡಗದ್ದೆ ಹಾದು ಹೋಗುವ ದಾರಿ. ಹೊರಡುವಾಗ ಬಿಸಿಲಿದ್ದರೂ ನಡುವೆ ಎಲ್ಲಿ ಮಳೆ ಹಿಡಿಯುತ್ತದೋ ಹೇಳಲಾಗದು. ಹಳೇ ಅಡಿಕೆ ಉಳಿಸಿಕೊಂಡವರು ಅದನ್ನು ಮಾರುವುದೂ ಹೆಚ್ಚಾಗಿ ಜೂನ್-ಜುಲೈನಲ್ಲೇ. ಮಕ್ಕಳ ಫೀಸು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ಔಷಧಿ, ಮರ ಹತ್ತುವವರ ಕೂಲಿ ಎಲ್ಲವೂ ಒಟ್ಟಿಗೆ ಬಂದು ನಿಲ್ಲುವ ಹೊತ್ತು ಅದು. ಮಳೆಯೂ ಅದೇ ಹೊತ್ತಿಗೆ. ಮೂಟೆಯ ಗೋಣಿ ಒದ್ದೆಯಾದರೆ ಅಡಿಕೆ ಮೆತ್ತಗಾಗುತ್ತದೆ, ಬಣ್ಣ ಕೆಡುತ್ತದೆ, ಎರಡು ದಿನ ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಮಂಡಿಯಲ್ಲಿ ಸ್ಯಾಂಪಲ್ ತೆಗೆಯುವವರ ಕೈಗೆ ತೇವ ತಾಗಿತೆಂದರೆ ಒಂದು ಮೂಟೆಗೆ ಮಾತ್ರವಲ್ಲ, ಇಡೀ ಲಾಟಿಗೆ ದರ ಇಳಿಯಬಹುದು. ಕ್ವಿಂಟಲ್‌ಗೆ ಒಂದು ಸಾವಿರ ಇಳಿದರೆ 13,000 ರೂಪಾಯಿ ಹೋಯಿತು. ಆ ದುಡ್ಡಿಗೆ ಒಳ್ಳೆಯ ಟಾರ್ಪಾಲು ಎರಡು ಬರುತ್ತವೆ.

ಎಲ್ಲಾ ಅಂಗಡಿಯಲ್ಲೂ ಮೊದಲು ಕಣ್ಣಿಗೆ ಬೀಳುವುದು ನೀಲಿ ಹಾಳೆ. ಪ್ಲಾಸ್ಟಿಕ್ ಎಳೆಗಳನ್ನು ನೇಯ್ದು, ಎರಡೂ ಕಡೆ ತೆಳ್ಳಗೆ ಲ್ಯಾಮಿನೇಶನ್ ಕೊಟ್ಟ ಎಚ್‌ಡಿಪಿಇ ಟಾರ್ಪಾಲು. ಪಾತ್ರೆ ತೊಳೆಯುವ ಜಾಗಕ್ಕೆ ಮರೆ ಕಟ್ಟಲು, ಕಟ್ಟಿಗೆ ರಾಶಿ ಮುಚ್ಚಲು ಇದಕ್ಕಿಂತ ಅಗ್ಗದ್ದು ಸಿಗುವುದಿಲ್ಲ. ಓಡುವ ಗಾಡಿಗೆ ಮಾತ್ರ ಬೇಡ. ಬಿಸಿಲಿಗೆ ಇದರ ಎಳೆ ಪೆಡಸಾಗುತ್ತದೆ, ಮೇಲಿನ ಪದರ ಹುಡಿಯಾಗಿ ಉದುರುತ್ತದೆ, ಆಮೇಲೆ ನೇಯ್ಗೆಯ ಸಂದಿನಿಂದ ನೀರು ಜಿನುಗುತ್ತದೆ. ನೋಡಲು ಹಾಳೆ ಸರಿಯಾಗಿಯೇ ಇರುತ್ತದೆ, ಮೂಟೆ ಇಳಿಸುವಾಗ ಗೋಣಿ ಒದ್ದೆ. ಇನ್ನೊಂದು ಕೊರತೆಯನ್ನು ಅಂಗಡಿಯವರು ಹೇಳುವುದಿಲ್ಲ. ಈ ಜಾತಿಯ ಪ್ಲಾಸ್ಟಿಕ್‌ಗೆ ಅಂಟು ಹಿಡಿಯುವುದಿಲ್ಲ. ಒಂದು ಕಡೆ ಹರಿದರೆ ತೇಪೆ ಹಾಕುವ ದಾರಿಯೇ ಇಲ್ಲ, ಹೊಲಿದರೆ ಸೂಜಿ ಚುಚ್ಚಿದಲ್ಲೆಲ್ಲ ಮತ್ತೆ ತೂತು.

ನನ್ನ ಗಾಡಿಯ ಬಾಡಿ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಕಮಾನು ಏರಿಸಿ, ಪಕ್ಕಗಳಲ್ಲಿ ಇಳಿಬಿಟ್ಟು ಕಟ್ಟಲು 15ಕ್ಕೆ 12 ಅಡಿಯ ಹೊದಿಕೆ ಬೇಕು, ಅಂದರೆ 180 ಚದರಡಿ. ಈ ಅಳತೆಯ ತೆಳು ನೀಲಿ ಹಾಳೆ ನಮ್ಮ ಕಡೆ ಹೆಚ್ಚುಕಡಿಮೆ 500 ರೂಪಾಯಿ. ಗಾಡಿ ದಿನವೂ ಓಡುವುದಾದರೆ ವರ್ಷಕ್ಕೆ ಎರಡು ಬೇಕಾಗುತ್ತದೆ, ಐದು ವರ್ಷಕ್ಕೆ 5,000. ಪಿವಿಸಿ ಬಟ್ಟೆಯಲ್ಲಿ ಹೊಲಿಸಿದ ಹೊದಿಕೆಗೆ ನಾನು ಕೊಟ್ಟದ್ದು ಹೊಲಿಗೆ ಸೇರಿ 5,500. ಚೆನ್ನಾಗಿ ನೋಡಿಕೊಂಡರೆ ಅದು ಐದು ಮಳೆಗಾಲಕ್ಕೆ ಮೋಸವಿಲ್ಲ. ಅಲ್ಲಿಗೆ ಹೊದಿಕೆಯ ಖರ್ಚು ಎರಡರದೂ ಬಹುತೇಕ ಒಂದೇ. ಒಂದು ಮಾಲನ್ನು ಕಾಯುತ್ತದೆ, ಇನ್ನೊಂದು ಕಾಯುವುದಿಲ್ಲ, ವ್ಯತ್ಯಾಸ ಇರುವುದು ಅಷ್ಟರಲ್ಲೇ. ಒಮ್ಮೆಗೇ ಐದು ಸಾವಿರ ಎಣಿಸಿ ಕೊಡುವುದು ಕಷ್ಟ, ಐನೂರಾದರೆ ಜೇಬಿಗೆ ಹಗುರ. ಆ ಕಷ್ಟ ನನಗೂ ಗೊತ್ತು. ಅದಕ್ಕೇ ಕೊಯ್ಲಿನ ದುಡ್ಡು ಕೈಯಲ್ಲಿರುವಾಗ, ಫೆಬ್ರವರಿ-ಮಾರ್ಚ್‌ನಲ್ಲೇ ಹೊಲಿಸಿಬಿಡಿ ಎನ್ನುತ್ತೇನೆ. ಮೇ ಕೊನೆಗೆ ಕುಶನ್ ಅಂಗಡಿಗಳಲ್ಲಿ ಸಾಲು ನಿಲ್ಲಬೇಕು, ಚೌಕಾಸಿಗೂ ಜಾಗವಿರುವುದಿಲ್ಲ.

ನೀಲಿ ಹಾಳೆಗಿಂತ ಮೇಲಿನದ್ದು ಸಿಲ್ಪಾಲಿನ್ ಎಂದೇ ನಮ್ಮಲ್ಲಿ ಹೆಸರಾದ, ಅಡ್ಡ-ಉದ್ದ ಪದರಗಳನ್ನು ಬೆಸೆದು ಮಾಡುವ ಹಾಳೆ. ಹಗುರ, ನೀರು ಜಿನುಗುವುದಿಲ್ಲ, ಸಣ್ಣ ಹರಕು ಸುಲಭಕ್ಕೆ ಬೆಳೆಯುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿಸಲು, ಕೃಷಿ ಹೊಂಡಕ್ಕೆ ಹಾಸಲು ಒಳ್ಳೆಯ ಸಾಮಾನು. ರೈತ ಸಂಪರ್ಕ ಕೇಂದ್ರದಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನದಲ್ಲಿ ಟಾರ್ಪಾಲು ಕೊಡುತ್ತಾರಲ್ಲ, ಅದನ್ನೇ ಗಾಡಿಗೂ ಹಾಕೋಣ ಎಂದು ಹಲವರು ಕೇಳುತ್ತಾರೆ. ಅದು ಕೊಡುವುದು ಬೆಳೆ ಒಣಗಿಸಿ ಕಾಪಾಡಿಕೊಳ್ಳಲು. ಅಳತೆ 8 ಮೀಟರಿಗೆ 6 ಮೀಟರ್, ಅಂದರೆ ಸುಮಾರು 26ಕ್ಕೆ 20 ಅಡಿ. ಪಿಕಪ್‌ಗೆ ಅದನ್ನು ಮಡಚಿ ಮಡಚಿ ಕಟ್ಟಬೇಕು, ಮಡಿಕೆಯೊಳಗೆ ಗಾಳಿ ಹೊಕ್ಕರೆ ಉಬ್ಬಿ ಹಗ್ಗವನ್ನೇ ಕಿತ್ತುಕೊಂಡು ಹೋಗುತ್ತದೆ. ಅಂಗಳದ್ದು ಅಂಗಳಕ್ಕೇ ಇರಲಿ.

ಕಡ್ಡಾಯವಾಗಿ ಬೇಡ ಎನ್ನುವ ಇನ್ನೊಂದು ಸಾಮಾನಿದೆ, ಹಳೇ ಫ್ಲೆಕ್ಸ್ ಬ್ಯಾನರು. ಪುಕ್ಕಟೆ ಸಿಗುತ್ತದೆ, ಅಗಲವೂ ಇರುತ್ತದೆ. ಆದರೆ ಗೋಡೆಗೆ ಕಟ್ಟಿ ನಿಲ್ಲಿಸಲೆಂದು ಮಾಡಿದ ಬಟ್ಟೆ ಅದು, ಓಡುವ ಗಾಡಿಯ ಗಾಳಿಗೆ ತಡೆಯದು. ಅಂಚಿನಿಂದ ಸೀಳಿ ಹಾರಿ ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಬಿದ್ದರೆ ಹೋಗುವುದು ಒಂದು ಜೀವ. ಯಾವ ಉಳಿತಾಯವೂ ಅದಕ್ಕೆ ಸಮವಲ್ಲ.

ಬಟ್ಟೆ ಟಾರ್ಪಾಲನ್ನು, ಮೇಣ ಹಾಕಿದ ಹತ್ತಿ ಕ್ಯಾನ್ವಾಸನ್ನು ಹಳೇ ಕಾಲದ್ದೆಂದು ತಳ್ಳಿಹಾಕಬೇಡಿ. ತರಕಾರಿ, ಶುಂಠಿ, ಹಸಿ ಬಾಳೆಗೊನೆ ಸಾಗಿಸುವವರಿಗೆ ಈಗಲೂ ಅದೇ ಸರಿ. ಪ್ಲಾಸ್ಟಿಕ್‌ನಡಿ ಹಸಿ ಮಾಲು ಬೆವರುತ್ತದೆ, ಆ ಬೆವರೇ ಹನಿಯಾಗಿ ತಿರುಗಿ ಮಾಲಿನ ಮೇಲೆ ಬೀಳುತ್ತದೆ. ಹತ್ತಿ ಬಟ್ಟೆ ಉಸಿರಾಡುತ್ತದೆ. ಅದರ ತೊಂದರೆ ಎರಡು. ನೆನೆದರೆ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ, ಒದ್ದೆ ಮಡಚಿಟ್ಟರೆ ಕೊಳೆತುಹೋಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಅದನ್ನು ಒಣಗಿಸುವುದೆಲ್ಲಿ? ಒಣ ಅಡಿಕೆ, ಕಾಳುಮೆಣಸು, ಗೊಬ್ಬರ ಸಾಗಿಸುವ ನನಗೆ ಪಿವಿಸಿಯೇ ಹೊಂದಿತು.

ಪಿವಿಸಿ ಎಂದರೂ ಎಲ್ಲವೂ ಒಂದೇ ಅಲ್ಲ. ಒಳಗೆ ಪಾಲಿಯೆಸ್ಟರ್ ನೇಯ್ಗೆ ಇದ್ದು ಎರಡೂ ಮೈಗೆ ಪಿವಿಸಿ ಲೇಪನ ಇರಬೇಕು. ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಪಿಕಪ್‌ಗೆ 600ರಿಂದ 650 ಸಾಕು. ಇದಕ್ಕಿಂತ ದಪ್ಪದ್ದು ದೊಡ್ಡ ಲಾರಿಗೆ, ಒಬ್ಬರೇ ಮಡಚಿ ಎತ್ತಲಾಗದು. ಅಂಗಡಿಯವರು ಬಾಯಿಮಾತಿನಲ್ಲಿ ಹೇಳುವ ಜಿಎಸ್‌ಎಂ ನಂಬಿ ದುಡ್ಡು ಎಣಿಸಬೇಡಿ, ತಕ್ಕಡಿಯಲ್ಲಿ ಇಡಿಸಿ. ಲೆಕ್ಕ ಸುಲಭ. ಚದರಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್. ನನ್ನ 180 ಚದರಡಿ ಎಂದರೆ 16.7 ಚದರ ಮೀಟರ್. 650 ಜಿಎಸ್‌ಎಂ ನಿಜವಾದರೆ ತೂಕ 10.9 ಕೆ.ಜಿ. ಬರಬೇಕು. ಅಂಚು ಮಡಚಿದ್ದು, ಹಗ್ಗ, ರಿಂಗು ಸೇರಿ ಅದಕ್ಕಿಂತ ತುಸು ಹೆಚ್ಚೇ ಇರಬೇಕು, ಕಡಿಮೆಯಂತೂ ಇರಬಾರದು. ನಾನು ಮೊದಲು ವಿಚಾರಿಸಿದ ಅಂಗಡಿಯಲ್ಲಿ 650 ಎಂದು ತೋರಿಸಿದ ಅಷ್ಟೇ ಅಳತೆಯ ಸಿದ್ಧ ಹೊದಿಕೆ ತಕ್ಕಡಿಯ ಮೇಲೆ ಎಂಟು ಕೆ.ಜಿ.ಯನ್ನೂ ಮುಟ್ಟಲಿಲ್ಲ. ಅಂದರೆ ಅದು 480ರ ಮಾಲು. ಹೆಚ್ಚು ಮಾತಾಡದೆ ಇಳಿದು ಬಂದೆ. ಅಳತೆಯ ಬಗ್ಗೆಯೂ ಒಂದು ಮಾತು. ಕತ್ತರಿಸುವಾಗ 15ಕ್ಕೆ 12 ಇದ್ದದ್ದು ಅಂಚು ಮಡಚಿ ಹೊಲಿದ ಮೇಲೆ ಅರ್ಧ ಅಡಿಯವರೆಗೂ ಕಡಿಮೆಯಾಗುತ್ತದೆ. ಹೊಲಿದ ಮೇಲಿನ ಅಳತೆ ಎಷ್ಟೆಂದು ಕೇಳಿಕೊಂಡು ಬಿಲ್ಲಿನಲ್ಲಿ ಬರೆಸಿ.

ನನಗೆ ಹೊಲಿದುಕೊಟ್ಟದ್ದು ಶಿವಮೊಗ್ಗದ ಒಂದು ಕುಶನ್ ಅಂಗಡಿ. ಕೆಲಸಗಾರ ಬಟ್ಟೆ ಹಾಸಿದೊಡನೆ ಮೊದಲು ಹೇಳಿದ್ದು, “ಸಾರ್, ಬಟ್ಟೆ ನಡುವೆ ಎಲ್ಲೂ ಹರಿಯಲ್ಲ. ಹರಿಯೋದೇ ಮೂಲೆ, ರಿಂಗು.” ಅಂಚನ್ನು ಎರಡು ಮಡಿಕೆ ಮಾಡಿ, ಒಳಗೆ ನೈಲಾನ್ ಹಗ್ಗ ಕೂರಿಸಿ, ಬಿಸಿಗಾಳಿಯ ಗನ್‌ನಿಂದ ಬೆಸೆದು, ಅದರ ಮೇಲೆ ಎರಡು ಸಾಲು ಹೊಲಿಗೆ ಹಾಕಿದರು. ನಾಲ್ಕೂ ಮೂಲೆಗೆ ಅಂಗೈಯಗಲದ ತೇಪೆ. ರಿಂಗುಗಳನ್ನು ಮೂರಡಿಗೊಂದರಂತೆ ಹಾಕುವುದು ವಾಡಿಕೆ, ನಾನು ಒಂದೂವರೆ ಅಡಿಗೆ ಒಂದು ಕೇಳಿದೆ, ಅದೂ ಹಿತ್ತಾಳೆಯದು. ಅಲ್ಯೂಮಿನಿಯಂ ರಿಂಗು ಹಗ್ಗದ ಎಳೆತಕ್ಕೆ ಬಾಯಿ ಬಿಡುತ್ತದೆ. ಇಷ್ಟಕ್ಕೆಲ್ಲ ಹೆಚ್ಚಿಗೆ ತಗುಲಿದ್ದು 600 ರೂಪಾಯಿ. ಗಾಳಿಯ ಒತ್ತಡ ಗಾಡಿಯ ವೇಗಕ್ಕೆ ಸರಿಸಮವಾಗಿ ಏರುವುದಿಲ್ಲ. 40ರಲ್ಲಿ ಹೋಗುತ್ತಿದ್ದ ಗಾಡಿ 80ಕ್ಕೆ ಏರಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆ ಎಳೆತವನ್ನೆಲ್ಲ ತಡೆಯಬೇಕಾದ್ದು ಈ ರಿಂಗುಗಳು. ಒಂದೊಂದರ ಪಾಲು ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚು.

ಹೊದಿಕೆ ಎಷ್ಟೇ ಒಳ್ಳೆಯದಿರಲಿ, ಕಮಾನು ಪೈಪಿಲ್ಲದೆ ಚಪ್ಪಟೆಯಾಗಿ ಕಟ್ಟಿದರೆ ದುಡ್ಡು ದಂಡ. ನಡುವೆ ಜೋತು ಬಿದ್ದಲ್ಲಿ ನೀರು ನಿಲ್ಲುತ್ತದೆ. ಒಂಬತ್ತಕ್ಕೆ ಐದೂವರೆ ಅಡಿಯ ಬಾಡಿಯ ಮೇಲೆ ಒಂದೇ ಇಂಚು ನೀರು ನಿಂತರೂ ಸುಮಾರು 117 ಕೆ.ಜಿ. ತೂಕ. ಎರಡು ಮೂಟೆಗೆ ಸ್ವಲ್ಪವೇ ಕಡಿಮೆ ಎನ್ನಿ, ತಿರುವಿನಲ್ಲಿ ಅದು ಒಂದೇ ಕಡೆಗೆ ಸರಿಯುತ್ತದೆ ಬೇರೆ. ಬಿಚ್ಚಿ ತೆಗೆಯಬಹುದಾದ ನಾಲ್ಕು ಕಮಾನುಗಳಿಗೆ ವೆಲ್ಡಿಂಗ್ ಅಂಗಡಿಯಲ್ಲಿ ನಾನು ಕೊಟ್ಟದ್ದು 4,000. ಇಳಿಜಾರು ಸಿಕ್ಕರೆ ನೀರು ತಾನೇ ಹರಿದುಹೋಗುತ್ತದೆ.

ಇದೆಲ್ಲ ತಲೆನೋವೇ ಬೇಡ, ತಗಡಿನ ಅಥವಾ ಫೈಬರಿನ ಮುಚ್ಚಿದ ಬಾಡಿಯನ್ನೇ ಕೂರಿಸಿಬಿಡೋಣ ಎಂಬ ಆಸೆ ಬರುವುದು ಸಹಜ. ಬ್ರೆಡ್ಡು, ಔಷಧಿ, ಪಾರ್ಸೆಲ್ ಸಾಗಿಸುವವರಿಗೆ ಅದು ಬೇಕೇ ಬೇಕು. ಬೆಳೆಗಾರರಿಗೆ ಗಿಟ್ಟುವುದಿಲ್ಲ. ಬಾಡಿಯ ತೂಕವೆಲ್ಲ ಹೇರುವ ಮಾಲಿನ ಲೆಕ್ಕದಿಂದ ಕಳೆಯುತ್ತದೆ, ಪ್ರತಿ ಬಾಡಿಗೆಯಲ್ಲೂ ಅಷ್ಟು ಮೂಟೆ ಕಡಿಮೆ. ಹಾಗೆಂದು ಮಾಲು ಕಡಿಮೆ ಮಾಡದೆ ಹೇರಿದರೆ ಮಿತಿ ಮೀರಿದ ಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಇನ್ನು ತೆರೆದ ಬಾಡಿಯೆಂದು ಆರ್‌ಸಿಯಲ್ಲಿರುವ ಗಾಡಿಯನ್ನು ಮುಚ್ಚಿದ ಬಾಡಿಯಾಗಿ ಬದಲಿಸಲು 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಇದನ್ನು ಬಿಟ್ಟು ಬಾಡಿ ಕಟ್ಟಿಸಿದರೆ ನಾಳೆ ಅಪಘಾತವಾದಾಗ ವಿಮಾ ಕಂಪನಿಯ ಮುಂದೆ ನಿಮ್ಮ ವಾದಕ್ಕೆ ಬಲವಿರುವುದಿಲ್ಲ. ಹಿಲಕ್ಸ್, ವಿ-ಕ್ರಾಸ್‌ನಂಥ ಗಾಡಿಗಳಿಗೆ ಹಾಕುವ ಮಡಚುವ ಮುಚ್ಚಳ, ಸುರುಳಿ ಶಟರುಗಳೂ ನಮ್ಮ ಕೆಲಸದವಲ್ಲ. ಅವು ಬಾಡಿಯ ಅಂಚಿನ ಮಟ್ಟಕ್ಕೇ ಮುಚ್ಚಿಕೊಳ್ಳುತ್ತವೆ, ಅದಕ್ಕಿಂತ ಒಂದು ಮೂಟೆ ಎತ್ತರ ಪೇರಿಸಿದರೂ ಮುಚ್ಚುವುದಿಲ್ಲ.

ವಿಮೆಯ ವಿಚಾರ ಬಂತೆಂದು ಇದನ್ನೂ ಹೇಳಬೇಕು. ಗಾಡಿಯ ವಿಮೆ ಗಾಡಿಗೆ, ಅದರಿಂದ ತೊಂದರೆಗೊಳಗಾದವರಿಗೆ. ಮೇಲಿರುವ ಅಡಿಕೆಗೆ ಅಲ್ಲ. ಸಾಗಣೆಯಲ್ಲಿರುವ ಮಾಲಿಗೆ ಬೇರೆಯದೇ ಪಾಲಿಸಿ ಮಾಡಿಸಬೇಕು, ನಮ್ಮಲ್ಲಿ ಮಾಡಿಸುವವರು ತೀರಾ ಕಡಿಮೆ. ಆರೂವರೆ ಲಕ್ಷದ ಮಾಲಿಗೆ ಆ 60 ಕಿ.ಮೀ. ಉದ್ದಕ್ಕೂ ಇರುವ ರಕ್ಷಣೆಯೆಂದರೆ ಈ ಹೊದಿಕೆ ಮತ್ತು ಡ್ರೈವರಿನ ಎಚ್ಚರ.

ತಂದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. ಡೀಸೆಲ್, ಸೀಮೆಎಣ್ಣೆ ತಾಗಿಸಬೇಡಿ, ಪಿವಿಸಿ ಪೆಡಸಾಗುತ್ತದೆ. ಗೊಬ್ಬರ ಸಾಗಿಸಿದ ದಿನ ನೀರು ಹಾಕಿ ತೊಳೆಯಿರಿ. ಇಲಿ ಓಡಾಡುವ ಅಟ್ಟದಲ್ಲಿ ಇಡಬೇಡಿ. ಹೊಲಿದವರ ಹತ್ತಿರ ಅದೇ ಬಟ್ಟೆಯ ಎರಡು ತುಂಡು, ಒಂದು ಡಬ್ಬಿ ಪಿವಿಸಿ ಸೊಲ್ಯೂಶನ್ ಕೇಳಿ ತಂದಿಟ್ಟುಕೊಳ್ಳಿ. ಗೀರು ಬಿದ್ದ ದಿನವೇ ತೇಪೆ ಹಾಕಿದರೆ ಅದು ಹರಕಾಗುವುದಿಲ್ಲ.

ಒಣ ಮಾಲು ಸಾಗಿಸುವವರಿಗೆ ನನ್ನ ಸಲಹೆ 650 ಜಿಎಸ್‌ಎಂ ಪಿವಿಸಿ, ಹಿತ್ತಾಳೆ ರಿಂಗು, ನಾಲ್ಕು ಕಮಾನು. ಹಸಿ ಮಾಲಿನವರಿಗೆ ಹತ್ತಿ ಕ್ಯಾನ್ವಾಸ್. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ನಿಮ್ಮ ಹಳೇ ಟಾರ್ಪಾಲನ್ನು ಅಂಗಳದಲ್ಲಿ ಬಿಡಿಸಿ, ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅದನ್ನು ಕಟ್ಟಿಗೆ ರಾಶಿಗೆ ಹಾಕಿ, ಗಾಡಿಗೆ ಹೊಸದು ಹೊಲಿಸಿ.