ಟಿಪ್ಪಣಿ ಪುಸ್ತಕದಲ್ಲೇ ಶುರುವಾಗುವ ಕೃತಿಚೌರ್ಯ

ಪ್ರಬಂಧದಲ್ಲಿ ಕೃತಿಚೌರ್ಯ ಮಾಡುವ ಹಲವು ವಿದ್ಯಾರ್ಥಿಗಳಿಗೆ ತಾವು ಕದಿಯುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ. ಪರೀಕ್ಷೆಗೆ ಚೀಟಿ ಒಯ್ಯುವುದು ತಪ್ಪೆಂದು ಒಪ್ಪುವವರೇ, ಗ್ರಂಥಾಲಯದ ಪುಸ್ತಕದಿಂದ ಎರಡು ಪ್ಯಾರಾ ಎತ್ತಿ ಬರೆದು ಅದನ್ನು ಅಧ್ಯಯನ ಎಂದುಕೊಳ್ಳುತ್ತಾರೆ. ಗೈಡಿನ ಉತ್ತರವನ್ನು ಅಕ್ಷರ ಬಿಡದೆ ಬರೆದು ಪೂರ್ತಿ ಅಂಕ ಪಡೆದ ಶಾಲೆಯ ಅಭ್ಯಾಸ ಅದು. ಅವರನ್ನಷ್ಟೇ ದೂರಿ ಫಲವಿಲ್ಲ.

ಎಡವುವುದು ಟಿಪ್ಪಣಿ ಮಾಡುವಾಗ. ಪುಸ್ತಕದ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿ, ಉದ್ಧರಣ ಚಿಹ್ನೆಯನ್ನೂ ಪುಟಸಂಖ್ಯೆಯನ್ನೂ ಬಿಟ್ಟರೆ, ಮೂರು ತಿಂಗಳ ನಂತರ ಅದು ಸ್ವಂತ ವಾಕ್ಯದಂತೆಯೇ ಕಾಣುತ್ತದೆ. ಆದ್ದರಿಂದ ಬೇರೆಯವರ ಮಾತನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಪಕ್ಕದಲ್ಲೇ ಲೇಖಕರ ಹೆಸರು, ಪುಟ ಗುರುತು ಹಾಕಿಕೊಳ್ಳಬೇಕು. ಸಾರಾಂಶ ಬರೆಯುವಾಗ ಪುಸ್ತಕ ಮುಚ್ಚಿಡುವುದು ಒಳ್ಳೆಯದು. ‘ಹೇಳಿದರು’ ಎಂಬುದನ್ನು ‘ಅಭಿಪ್ರಾಯಪಟ್ಟರು’ ಎಂದು ಬದಲಿಸಿದ ಮಾತ್ರಕ್ಕೆ ವಾಕ್ಯ ಸ್ವಂತದ್ದಾಗದು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದಕ್ಕೂ ಮೂಲ ಹೇಳಲೇಬೇಕು. ಇದನ್ನು ಮರೆಯುವುದು ಬಹಳ ಸುಲಭ.

ಮರೆತರೆ ಬೆಲೆ ತೆರಬೇಕಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅದು ಶೇ. 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಪದವಿ ಕೈಗೆ ಬಂದ ಮೇಲೆ ಬಯಲಾದರೂ ಅದನ್ನು ತಡೆಹಿಡಿಯಲು ಅವಕಾಶವಿದೆ. ಸಂಶೋಧನಾ ಪ್ರಬಂಧಗಳನ್ನು ಸಂಗ್ರಹಿಸಿಡುವ ‘ಶೋಧಗಂಗಾ’ ಜಾಲತಾಣಕ್ಕೆ ಸೇರಿದ ಪ್ರಬಂಧವನ್ನು ಎಷ್ಟೋ ವರ್ಷಗಳ ನಂತರವೂ ಯಾರು ಬೇಕಾದರೂ ತೆರೆದು ಹೋಲಿಸಿ ನೋಡಬಹುದು.