ಗುದ್ದಿದರೆ ನಿಲ್ಲಬೇಕೇ?

ವಾಗದರಿಯ ಟ್ರ್ಯಾಕ್ಟರ್ ಚಾಲಕರೇ, ಕತ್ತಲಲ್ಲಿ ದೀಪವಿಲ್ಲದೆ ಬರುವ ಸೈಕಲ್ಲಿನವರ ಮೇಲೆ ನಿಮಗೆ ಸಿಟ್ಟು ಬರುವುದು ಸಹಜ. ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿಕೊಂಡು, ಎಡಕ್ಕೇ ಸಾಗುವುದು ಅವರ ಪಾಲಿನ ಕೆಲಸ. ಆದರೆ ಕಬ್ಬಿನ ಹಂಗಾಮಿನಲ್ಲಿ ನಿಮ್ಮ ಟ್ರೇಲರಿನ ಹಿಂದೆ ಒಮ್ಮೆ ನಿಂತು ನೋಡಿ: ಜೋತುಬಿದ್ದ ಕಬ್ಬು ದೀಪವನ್ನೇ ಮುಚ್ಚಿರುತ್ತದೆ. ಹೊರಡುವ ಮೊದಲು ಆ ಕಬ್ಬನ್ನು ಸವರಿಬಿಡಿ.

ಸೈಕಲ್ ದಾಟುವಾಗ ಪಕ್ಕಕ್ಕೆ ಬಂದು ಹಾರ್ನ್ ಬಾರಿಸಬೇಡಿ. ಬೆಚ್ಚಿದ ಹುಡುಗ ಬಲಕ್ಕೇ ಹೊರಳಬಹುದು. ಎರಡು ಟ್ರೇಲರ್ ಹಚ್ಚಿದ್ದರಂತೂ, ಇಂಜಿನ್ ಮುಂದೆ ಹೋದರೂ ಹಿಂದಿನದು ಇನ್ನೂ ಅವನ ಮಗ್ಗುಲಲ್ಲೇ ಇರುತ್ತದೆ. ಅವಸರದಿಂದ ಎಡಕ್ಕೆ ಎಳೆಯಬೇಡಿ.

ಇನ್ನು, ಸೈಕಲ್ಲಿಗೆ ಗುದ್ದಿದರೆ ನಿಲ್ಲಬೇಕೇ ಎಂದು ನೀವು ಕೇಳಿದ್ದಕ್ಕೆ ಉತ್ತರ: ನಿಲ್ಲಲೇಬೇಕು. ತಪ್ಪು ಯಾರದೇ ಇರಲಿ, 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಹೊಣೆ ಚಾಲಕನದು. ಜನ ಮೈಮೇಲೆ ಬಂದರೆ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ, ಮನೆಗಲ್ಲ.