ರಜೆ ಒಂದೇ ವಾರ, ಔಟ್‌ಬ್ಯಾಕ್ ಬಲು ದೊಡ್ಡದು

ಆಸ್ಟ್ರೇಲಿಯದ ಔಟ್‌ಬ್ಯಾಕನ್ನು ಮನೆಮಂದಿಯೆಲ್ಲ ಕಾರಿನಲ್ಲಿ ಸುತ್ತಿಬರಬೇಕು ಎಂದುಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ನಕಾಶೆಯ ಮೇಲೆ ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಗೆರೆ ಎಳೆಯುವುದು. ರಜೆ ನೋಡಿದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಈ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಅಭಿಪ್ರಾಯ ಖಚಿತವಾಗಿದೆ: ಖಂಡವನ್ನು ದಾಟುವ ಆಸೆ ಬಿಡಿ. ವಿಮಾನದಲ್ಲಿ ನೇರವಾಗಿ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಇಳಿಯಿರಿ. ಅಲ್ಲಿಂದ ಕಿಂಗ್ಸ್ ಕ್ಯಾನ್ಯನ್, ಉಲೂರು, ಕಟಾ ಜೂಟಾ ಇಷ್ಟನ್ನೇ ಕಾರಿನಲ್ಲಿ ನೋಡಿ. ಮಕ್ಕಳೂ ಹಿರಿಯರೂ ಜೊತೆಗಿರುವ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಹೀಗೆ ಹೇಳಲು ಮುಖ್ಯ ಕಾರಣ ಅಲ್ಲಿನ ಹಗಲು. ಅಡಿಲೇಡ್–ಡಾರ್ವಿನ್ ದೂರ 3,000 ಕಿ.ಮೀ.ಗೂ ತುಸು ಹೆಚ್ಚು. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಸ್ಟುವರ್ಟ್ ಹೆದ್ದಾರಿ ಪೂರ್ತಿ ಡಾಂಬರಿನದು, ನಾರ್ದರ್ನ್ ಟೆರಿಟರಿಯ ಕೆಲವು ಕಡೆ ಗಂಟೆಗೆ 130 ಕಿ.ಮೀ. ವೇಗಕ್ಕೂ ಅನುಮತಿ ಇದೆ. ಹಾಗಾಗಿ ಮೂರು ದಿನದಲ್ಲಿ ಮುಗಿಸಿಬಿಡಬಹುದು ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಆ ರಸ್ತೆಯ ಉದ್ದಕ್ಕೂ ಬಹಳ ಕಡೆ ಬೇಲಿಯಿಲ್ಲ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಾಂಗರೂಗಳು ಹೆಡ್‌ಲೈಟಿನ ಮುಂದೆ ಧುಮುಕುತ್ತವೆ; ದನಗಳು ರಸ್ತೆಯಲ್ಲೇ ನಿಂತಿರುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಸರಕು ಹೊರಲೆಂದು ಅಂದಿನ ಬ್ರಿಟಿಷ್ ಇಂಡಿಯಾ, ಅಫ್ಘಾನಿಸ್ತಾನಗಳ ಕಡೆಯಿಂದ ತಂದ ಒಂಟೆಗಳ ಸಂತತಿಯೂ ಅಲ್ಲಿ ಕಾಡುಬಿದ್ದು ಅಲೆಯುತ್ತಿದೆ. ಇದೇ ಕಾರಣಕ್ಕೆ ಬಾಡಿಗೆ ಕಾರಿನ ಹಲವು ಕಂಪನಿಗಳು, ಊರಾಚೆ ಕತ್ತಲಲ್ಲಿ ಓಡಿಸಿ ಅಪಘಾತವಾದರೆ ವಿಮೆ ಸಿಗದು ಎಂದು ಕರಾರಿನಲ್ಲೇ ಬರೆದಿರುತ್ತವೆ. ಜೂನ್–ಜುಲೈಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಏಳು ದಾಟಿರುತ್ತದೆ, ಆರರ ಸುಮಾರಿಗೆ ಮುಳುಗಿರುತ್ತದೆ. ಎರಡೂ ತುದಿಗೆ ಒಂದೊಂದು ಗಂಟೆ ಕಳೆದು, ಊಟ, ಪೆಟ್ರೋಲು, ಮಕ್ಕಳ ಮೂತ್ರವಿಸರ್ಜನೆಗೆಂದು ನಿಲ್ಲಿಸುವ ಹೊತ್ತನ್ನೂ ಕಳೆದರೆ, ದಿನಕ್ಕೆ 500 ಕಿ.ಮೀ. ಓಡಿಸಿದರೆ ಅದೇ ಹೆಚ್ಚು. ಅಂದರೆ ಬರಿಯ ಪ್ರಯಾಣಕ್ಕೇ ಆರು ದಿನ. ಎಲ್ಲಿಯೂ ಕಾಲಿಟ್ಟು ನಡೆಯಲು ಒಂದು ಬೆಳಗೂ ಉಳಿಯುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ: ಔಟ್‌ಬ್ಯಾಕ್ ಎಂದರೆ ಆ ಉದ್ದನೆಯ ರಸ್ತೆಯೇ ಅಲ್ಲವೇ? ಮಾತಿನಲ್ಲಿ ಹುರುಳಿದೆ. ದಿಗಂತದವರೆಗೆ ಒಂದೂ ಮನೆ ಕಾಣದ ಬಯಲಿನಲ್ಲಿ ಇಂಜಿನ್ ಆರಿಸಿ ನಿಲ್ಲುವುದನ್ನು ಯಾರೂ ತಪ್ಪಿಸಿಕೊಳ್ಳಬಾರದು. ಆದರೆ ಅದಕ್ಕೆ ಮೂರು ಸಾವಿರ ಕಿಲೋಮೀಟರು ಬೇಕಿಲ್ಲ. ಎರ್ಲ್‌ಡಂಡಾದಿಂದ ಉಲೂರಿನ ಪಕ್ಕದ ಯುಲಾರಾವರೆಗಿನ ಲ್ಯಾಸೆಟರ್ ಹೆದ್ದಾರಿಯ ಸುಮಾರು 245 ಕಿ.ಮೀ.ಯಲ್ಲೇ ಆ ಬಯಲು ಪೂರ್ತಿ ಸಿಗುತ್ತದೆ: ಕೆಂಪು ಮರಳಿನ ದಿಬ್ಬಗಳು, ನಮ್ಮ ಗಾಳಿಮರದ ಬಳಗಕ್ಕೇ ಸೇರಿದ ಡೆಸರ್ಟ್ ಓಕ್ ಮರಗಳು, ದೂರದಲ್ಲಿ ಚಪ್ಪಟೆ ನೆತ್ತಿಯ ಮೌಂಟ್ ಕಾನರ್. ಇದನ್ನೇ ಉಲೂರು ಎಂದುಕೊಂಡು ಫೋಟೋ ತೆಗೆಯುವವರು ಬಹಳ. ಐವತ್ತು ಮೀಟರಿಗೂ ಉದ್ದದ ರೋಡ್ ಟ್ರೇನ್ ಲಾರಿಗಳು ಸ್ಟುವರ್ಟ್ ಹೆದ್ದಾರಿಯಲ್ಲಿ ಎದುರಾಗುತ್ತವೆ. ಎದುರಿನ ರಸ್ತೆ ಬಹುದೂರ ಖಾಲಿ ಕಾಣುವವರೆಗೆ ಅವುಗಳನ್ನು ಹಿಂದಿಕ್ಕಲು ಹೋಗಬೇಡಿ. ದಕ್ಷಿಣದ ದಾರಿ ಬಿಟ್ಟರೆ ಕೂಬರ್ ಪೀಡಿಯ ಓಪಲ್ ಗಣಿಗಳೂ ನೆಲದಡಿಯ ಮನೆಗಳೂ ತಪ್ಪುತ್ತವೆ. ಅದು ನಿಜವಾದ ನಷ್ಟ, ಒಪ್ಪುತ್ತೇನೆ. ಮೂರು ವಾರ ರಜೆ ಇದ್ದರೆ ಖಂಡಿತ ಅಡಿಲೇಡ್‌ನಿಂದಲೇ ಹೊರಡಿ.

ಎರಡನೆಯದು ಖರ್ಚಿನ ಮಾತು. ನಾಲ್ಕೈದು ಜನರಿಗೆ ವಿಮಾನದ ಟಿಕೆಟ್ ದುಬಾರಿ, ಕಾರಾದರೆ ಒಂದೇ ಬಾಡಿಗೆ ಎನ್ನುತ್ತಾರೆ. ಆದರೆ ದೂರದ ಊರುಗಳಲ್ಲಿ ಬಾಡಿಗೆ ಕಾರಿಗೆ ದಿನಕ್ಕೆ ಇಷ್ಟೇ ಕಿಲೋಮೀಟರು ಎಂಬ ಮಿತಿ ಇರುತ್ತದೆ, ಅದರ ಮೇಲೆ ಓಡಿಸಿದ್ದಕ್ಕೆಲ್ಲ ಬೇರೆ ಹಣ. ರೋಡ್‌ಹೌಸ್‌ಗಳಲ್ಲಿ ಪೆಟ್ರೋಲಿನ ಬೆಲೆ ಪಟ್ಟಣಕ್ಕಿಂತ ಬಹಳ ಹೆಚ್ಚು. ದಾರಿಯ ಪ್ರತಿ ರಾತ್ರಿಗೂ ಒಂದೊಂದು ಮೋಟೆಲ್ ಕೋಣೆ ಬೇಕು. ಇವನ್ನೆಲ್ಲ ಕೂಡಿಸಿ ನೋಡಿದಾಗ ವಿಮಾನ ಅಷ್ಟೇನೂ ದುಬಾರಿಯಲ್ಲ. ಹಾಗಾದರೆ ಯುಲಾರಾದಲ್ಲೇ ವಿಮಾನ ನಿಲ್ದಾಣ ಇದೆಯಲ್ಲ, ಕಾರೇ ಏಕೆ ಎಂದೂ ಕೇಳಬಹುದು. ಉಲೂರನ್ನು ಮಾತ್ರ ನೋಡಿ ಮರಳಿದವರಿಗೆ ಒಂದು ಬಂಡೆ ಕಂಡಿರುತ್ತದೆ, ಅದರ ಸುತ್ತಲಿನ ನಾಡು ಕಂಡಿರುವುದಿಲ್ಲ. ಆದ್ದರಿಂದ ಆಲಿಸ್‌ನಲ್ಲಿ ಕಾರು ಪಡೆದು ಯುಲಾರಾದಲ್ಲಿ ಬಿಡುವುದು ಒಳ್ಳೆಯದು. ಬೇರೆ ಊರಲ್ಲಿ ಬಿಡುವುದಕ್ಕೆ ಕೇಳುವ ಹೆಚ್ಚುವರಿ ಹಣವನ್ನು ಕೊಟ್ಟುಬಿಡಿ. ಸುಮಾರು 450 ಕಿ.ಮೀ. ವಾಪಸ್ ಓಡಿಸುವ ಒಂದು ದಿನ ಉಳಿಯುತ್ತದೆ.

ಆಲಿಸ್‌ನಲ್ಲಿ ಒಂದು ದಿನ ಸಾಕು. ಡೆಸರ್ಟ್ ಪಾರ್ಕ್, ಹಳೆಯ ಟೆಲಿಗ್ರಾಫ್ ಸ್ಟೇಷನ್ ನೋಡಿ, ದಿನಸಿ ತುಂಬಿಕೊಳ್ಳಿ. ರಾತ್ರಿ ಪೇಟೆಯಲ್ಲಿ ನಡೆದಾಡುವುದು ಬೇಡ. ಅಲ್ಲಿಂದ ಎರ್ಲ್‌ಡಂಡಾ ಮೇಲೆ ಡಾಂಬರು ರಸ್ತೆಯಲ್ಲೇ ಕಿಂಗ್ಸ್ ಕ್ಯಾನ್ಯನ್‌ಗೆ ಹೋಗಬೇಕು, 470 ಕಿ.ಮೀ. ಆಸುಪಾಸು. ಮ್ಯಾಪಿನಲ್ಲಿ ಹತ್ತಿರ ಕಾಣುವ ಮೆರೀನಿ ಲೂಪ್ ಮಣ್ಣಿನ ರಸ್ತೆ. ಅದಕ್ಕೆ ಪರ್ಮಿಟ್ ಬೇಕು, ಸಾಮಾನ್ಯ ಬಾಡಿಗೆ ಕಾರಿಗೆ ಅಲ್ಲಿ ವಿಮೆ ಇರುವುದಿಲ್ಲ. ಕ್ಯಾನ್ಯನ್‌ನ ಅಂಚಿನ 6 ಕಿ.ಮೀ. ನಡಿಗೆಯಲ್ಲಿ ಮೊದಲ ಏರು ಕಡಿದು. ಅದನ್ನು ದಾಟಿದರೆ ಮೇಲೆ ಸಿಗುವ ಕೆಂಪು ಗೋಡೆಗಳಿಗಾಗಿ, ಕಣಿವೆಯ ತಳದ ಹಸಿರು ಮಡುವಿಗಾಗಿ ಇಡೀ ಪ್ರವಾಸ ಮಾಡಬಹುದು. ಹಿರಿಯರಿಗೆ ಕೆಳಗೆ ಹೊಳೆಯ ಪಾತ್ರದ ಗುಂಟ ಸುಲಭದ ದಾರಿ ಇದೆ. ಬಿಸಿಲು ಜೋರಿರುವ ದಿನ ಅಂಚಿನ ನಡಿಗೆಯನ್ನು ಬೆಳಗ್ಗೆಯೇ ಮುಚ್ಚುತ್ತಾರೆ.

ಉಲೂರಿಗೆ ಎರಡು ಪೂರ್ಣ ದಿನ ಕೊಡಿ. 348 ಮೀಟರ್ ಎತ್ತರದ ಆ ಬಂಡೆ ಅಲ್ಲಿನ ಮೂಲನಿವಾಸಿ ಆನಂಗು ಜನರಿಗೆ ಪವಿತ್ರ. 1985ರ ಅಕ್ಟೋಬರ್ 26ರಂದು ಭೂಮಿ ಅವರ ಹೆಸರಿಗೆ ಮರಳಿತು. 2019ರ ಅದೇ ದಿನ ಬಂಡೆ ಹತ್ತುವುದು ಶಾಶ್ವತವಾಗಿ ನಿಂತಿತು. ಹತ್ತಲಾಗದಿದ್ದರೆ ಹೋಗಿ ಏನು ಫಲ ಎಂದು ಕೇಳುವವರಿಗೆ ಬುಡದ ಸುತ್ತಲಿನ ಹತ್ತು ಕಿಲೋಮೀಟರು ಚಿಲ್ಲರೆಯ ಹಾದಿಯೇ ಉತ್ತರ. ದೂರದಿಂದ ನುಣುಪಾಗಿ ಕಾಣುವ ಕಲ್ಲಿನಲ್ಲಿ ಗುಹೆಗಳಿವೆ, ಚಿತ್ರಗಳಿವೆ, ನೀರಿನ ಮಡುಗಳಿವೆ. ಚಿಕ್ಕ ಮಕ್ಕಳಿಗೆ ಮುಟಿಜುಲು ಮಡುವಿನವರೆಗಿನ ಪುಟ್ಟ ನಡಿಗೆ ಸಾಕು. ಫೋಟೋ ಬೇಡ ಎಂಬ ಫಲಕ ಇರುವಲ್ಲಿ ದಯವಿಟ್ಟು ಕ್ಯಾಮೆರಾ ತೆಗೆಯಬೇಡಿ. ನಮ್ಮ ಗರ್ಭಗುಡಿಗಳಲ್ಲೂ ಅದೇ ಕಟ್ಟಳೆ. ಸುಮಾರು 50 ಕಿ.ಮೀ. ಆಚೆಯ ಕಟಾ ಜೂಟಾದ 36 ಗುಮ್ಮಟಗಳಿಗೆ ಬೆಳಗಿನ ಹೊತ್ತು ಮೀಸಲಿಡಿ.

ಕರ್ನಾಟಕದಿಂದ ಹೋಗುವವರಿಗೆ ಬೇಸಿಗೆ ರಜೆಯ ಏಪ್ರಿಲ್ ಕೊನೆ ಮತ್ತು ಮೇ ಅನುಕೂಲ, ಅಲ್ಲಿ ಆಗ ಸೆಕೆ ಇಳಿದಿರುತ್ತದೆ. ಸಿಡ್ನಿ, ಮೆಲ್ಬರ್ನ್‌ನ ಕನ್ನಡಿಗರಿಗೆ ಜೂನ್–ಜುಲೈಯ ಶಾಲಾ ರಜೆ ಇದೆ. ರಾತ್ರಿ ಸೊನ್ನೆಗೂ ಕೆಳಗಿಳಿಯುವುದರಿಂದ ಸ್ವೆಟರ್ ಬೇಕು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ, 40 ಡಿಗ್ರಿ ದಾಟುತ್ತದೆ. ಏಳು ವರ್ಷದೊಳಗಿನ ಮಕ್ಕಳಿಗೆ ಕಾರಿನಲ್ಲಿ ಪ್ರತ್ಯೇಕ ಸೀಟು ಕಡ್ಡಾಯ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲವಾದ್ದರಿಂದ ಮ್ಯಾಪ್ ಮೊದಲೇ ಇಳಿಸಿಕೊಂಡು, ನೀರನ್ನು ಕ್ಯಾನುಗಟ್ಟಲೆ ಒಯ್ಯಿರಿ. ಮನೆಯಿಂದ ಒಯ್ಯುವ ಚಟ್ನಿಪುಡಿ, ಉಪ್ಪಿನಕಾಯಿಗಳನ್ನೆಲ್ಲ ವಿಮಾನ ನಿಲ್ದಾಣದಲ್ಲಿ ಘೋಷಿಸಿ. ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಯುಲಾರಾದ ವಸತಿ ಗೊತ್ತುಮಾಡಿಕೊಳ್ಳಿ: ಅಲ್ಲಿನ ಹೋಟೆಲುಗಳೂ ಕ್ಯಾಂಪ್ ಜಾಗವೂ ಒಂದೇ ಸಂಸ್ಥೆಯ ಕೈಯಲ್ಲಿವೆ, ರಜೆಯ ದಿನಗಳಲ್ಲಿ ಬೇಗ ತುಂಬಿಹೋಗುತ್ತವೆ.